ಗಾಜಿನ ಮಾಡೋ, ನಾಲ್ಕು ಗಾಲಿಯೋ?

ನಮ್ಮ ಮನೆಯಲ್ಲಿ ಇಷ್ಟೊಂದು ಚರ್ಚೆ ತಂಗಿಯ ಮದುವೆಗೂ ನಡೆದಿರಲಿಲ್ಲ ನೋಡ್ರಿ... ಅದೂ ಒಂದು ಗಾಡಿಯ ಸಲುವಾಗಿ!

2024ರ ಆಗಸ್ಟ್‌ನಲ್ಲಿ ಮಹೀಂದ್ರದವರು ಐದು ಬಾಗಿಲಿನ ಥಾರ್ ರಾಕ್ಸ್ ಬಿಟ್ಟರು. ಅಕ್ಟೋಬರ್ 3ಕ್ಕೆ ಬುಕಿಂಗ್ ಶುರುವಾಗಿ ಒಂದೇ ತಾಸಿನಲ್ಲಿ 1 ಲಕ್ಷ 76 ಸಾವಿರ ಬುಕಿಂಗ್ ಆದವಂತೆ. ಅದರಲ್ಲಿ ನಮ್ಮದು ಇರಲಿಲ್ಲ. ನಾವಿನ್ನೂ ಕಮಲನಗರದ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಯಾವ ಮಾಡೆಲ್ ಅಂತ ಜಗಳಾಡುತ್ತಿದ್ದೆವು :)

ಮೂರು ಬಾಗಿಲಿನ ಥಾರ್ 2020ರಿಂದಲೇ ಇತ್ತು. ಆದರೆ ಹಿಂದೆ ಕೂಡಬೇಕೆಂದರೆ ಮುಂದಿನ ಸೀಟು ಮಡಚಿ ಒಳಗೆ ನುಸುಳಬೇಕು. ಮೊಣಕಾಲು ನೋವಿನ ನಮ್ಮ ಅವ್ವನಿಗೆ ಅದು ಆಗದ ಮಾತು. ಬೈಕಿನ ಹಿಂದೆ ಕೂಡಲಾರಳು, ಟ್ರ್ಯಾಕ್ಟರ್ ಹತ್ತಲಾರಳು. ಮಳೆಗಾಲದಲ್ಲಿ ಆಕೆ ಹೊಲ ನೋಡಿ ಎರಡು ವರ್ಷವಾಗಿತ್ತು. ಊರಿಂದ ಎರಡೇ ಕಿಲೋಮೀಟರು, ಆದರೆ ಡಾಂಬರು ಬಿಟ್ಟ ಮೇಲೆ ಪೂರಾ ಎರೆಮಣ್ಣು.

ಈಗ ಲೆಕ್ಕಕ್ಕೆ ಬರೋಣ. ಡೀಸೆಲ್, ಮ್ಯಾನುಯಲ್ ಗೇರು ಅಂತ ಮೊದಲೇ ತೀರ್ಮಾನವಾಗಿತ್ತು. ಆಗಿನ ಶೋರೂಮ್ ದರದಲ್ಲಿ, ಹಿಂದಿನ ಎರಡೇ ಗಾಲಿ ಎಳೆಯುವ ಟಾಪ್ ಮಾಡೆಲ್ ಎಎಕ್ಸ್7ಎಲ್ 18.99 ಲಕ್ಷ. ನಾಲ್ಕೂ ಗಾಲಿ ಎಳೆಯುವ, ಆದರೆ ಸೌಕರ್ಯ ಕಡಿಮೆ ಇರುವ ಎಮ್ಎಕ್ಸ್5 18.79 ಲಕ್ಷ. ಫರಕು ಬರೀ 20 ಸಾವಿರ! ಹೆಚ್ಚುಕಡಿಮೆ ಅದೇ ರೊಕ್ಕಕ್ಕೆ ಒಂದು ಕಡೆ ಉದ್ದಕ್ಕೂ ಗಾಜಿನ ಮಾಡು, ತಂಪು ಗಾಳಿಯ ಸೀಟು, ಸುತ್ತಲೂ ಕ್ಯಾಮೆರಾ, ಹರ್ಮನ್ ಕಾರ್ಡನ್ ಸ್ಪೀಕರು... ಇನ್ನೊಂದು ಕಡೆ ಗೇರಿನ ಪಕ್ಕ ಒಂದು ಸಣ್ಣ ಲಿವರ್.

ಪುಣೆಯಿಂದ ಬಂದಿದ್ದ ತಮ್ಮ ಗಾಜಿನ ಪಾರ್ಟಿ. "ಅಣ್ಣಾ, ನಾಕು ತಿಂಗಳ ಕೆಸರಿಗಿ ಯಾಕ್ ರೊಕ್ಕ ಹಾಕ್ಲತ್ತಿ? ವರ್ಷಪೂರ್ತಿ ಆಕಾಶ ನೋಡ್ಕೋತ ಹೋಗಬಹುದು."

ಅಪ್ಪ ತಲೆ ಎತ್ತದೆ ಹೇಳಿದರು, "ಆಕಾಶ ನೋಡ್ಲಾಕ ಹೊಲದಾಗ ಪುಕ್ಕಟ ಸಿಗ್ತದ."

ಆದರೆ ಅಪ್ಪನೂ ಪೂರ್ತಿ ನನ್ನ ಕಡೆ ಇರಲಿಲ್ಲ. ಅದೇ ಎಮ್ಎಕ್ಸ್5 ಎರಡು ಗಾಲಿಯದಾದರೆ 16.99 ಲಕ್ಷ. ಅಂದರೆ ಆ ಲಿವರ್‌ಗೆ 1 ಲಕ್ಷ 80 ಸಾವಿರ ಹೆಚ್ಚು. ಆ ವರ್ಷ ಸೋಯಾಬೀನ್ ಬೆಂಬಲ ಬೆಲೆ ಕ್ವಿಂಟಲ್‌ಗೆ 4892 ರೂಪಾಯಿ. ಸುಮಾರು 37 ಕ್ವಿಂಟಲ್ ಸೋಯಾ! ಅದೂ ಬೆಂಬಲ ಬೆಲೆ ಸಿಕ್ಕರೆ. ಅಪ್ಪ ಗಾಡಿಯನ್ನು ಕ್ವಿಂಟಲ್‌ನಲ್ಲೇ ಅಳೆಯುವವರು, ಅವರಿಗೆ ಉತ್ತರ ಕೊಡುವುದು ಸುಲಭವಲ್ಲ.

ಗಾಜೂ ಇರಲಿ, ಲಿವರ್ರೂ ಇರಲಿ ಅಂದರೆ ಎಎಕ್ಸ್7ಎಲ್ ನಾಲ್ಕು ಗಾಲಿಯದು 20.99 ಲಕ್ಷ. 20 ಲಕ್ಷ ದಾಟಿದರೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇ. 17ರಿಂದ 18ಕ್ಕೆ ಏರುತ್ತದೆ, ಮೇಲೆ ಸೆಸ್ಸು ಬೇರೆ. "ಉದಗೀರದಾಗ ಪಾಸಿಂಗ್ ಮಾಡಸ್ರಿ, ಟ್ಯಾಕ್ಸ್ ಉಳೀತದ" ಅಂತ ಪಕ್ಕದ ಮನೆ ಕಾಕಾ ಹೇಳಿದರು. ಗಡಿಯಲ್ಲಿರುವ ನಮಗೆ ಈ ಸಲಹೆ ಹೊಸದಲ್ಲ. ಆದರೆ ಗಾಡಿ ಓಡುವುದು ಇಲ್ಲೇ. ಒಂದು ವರ್ಷ ದಾಟಿದರೆ ಇಲ್ಲಿನ ನಂಬರು ಮಾಡಿಸಿ ಇಲ್ಲಿನ ತೆರಿಗೆ ಕಟ್ಟಲೇಬೇಕು. ಆ ಮಾತು ಅಲ್ಲಿಗೇ ಬಿಟ್ಟೆವು.

ನಾನು ನೋಡಿದ್ದು ಎರಡು ವಿಷಯ. ಮೊದಲನೆಯದು, ಆರು ಏರ್‌ಬ್ಯಾಗು ಎಲ್ಲ ಮಾಡೆಲ್‌ನಲ್ಲೂ ಇದ್ದವು. ತಾನೇ ಬ್ರೇಕ್ ಹಾಕುವಂಥ ಅಡಾಸ್ ಎಮ್ಎಕ್ಸ್5ನಲ್ಲಿ ಇರಲಿಲ್ಲ, ನಿಜ. ಎರಡನೆಯದು ಟೈರು. ಟಾಪ್ ಮಾಡೆಲ್‌ಗೆ 19 ಇಂಚಿನ ಚಕ್ರ, ಎಮ್ಎಕ್ಸ್5ಗೆ 18. ಚಕ್ರ ಹಿಗ್ಗಿದರೆ ಟೈರಿನ ಪಕ್ಕದ ರಬ್ಬರು ಕುಗ್ಗುತ್ತದೆ. ನಮ್ಮ ಕಲ್ಲು-ಕೊರಕಲ ದಾರಿಗೆ ದಪ್ಪ ರಬ್ಬರೇ ಚಲೋ.

ಕೊನೆಗೆ ಅವ್ವನನ್ನು ಶೋರೂಮಿಗೆ ಕರಕೊಂಡು ಹೋದೆವು. ಸೇಲ್ಸ್ ಹುಡುಗ ಪರದೆ ಮುಟ್ಟಿ ಮುಟ್ಟಿ ತೋರಿಸಿದ. ಅವ್ವ ಹಿಂದಿನ ಬಾಗಿಲ ಹಿಡಿಕೆ ಹಿಡಿದು, ನಿಧಾನಕ್ಕೆ ಹತ್ತಿ ಕೂತು, ಒಂದೇ ಪ್ರಶ್ನೆ ಕೇಳಿದಳು: "ಮಳಿಗಾಲದಾಗ ಹೊಲದ ತನಕ ಹೋಗ್ತದೇನಪ್ಪ?"

ತಮ್ಮ ಸುಮ್ಮನಾದ. ಅಪ್ಪನ 37 ಕ್ವಿಂಟಲ್ ಲೆಕ್ಕವೂ ಅಲ್ಲೇ ಮುಗಿಯಿತು.

ಎಮ್ಎಕ್ಸ್5 ನಾಲ್ಕು ಗಾಲಿಯದೇ ಬರೆಸಿದೆವು. ಜೊತೆಗೆ ಪಕ್ಕದ ಮೆಟ್ಟಿಲು, ರಬ್ಬರ್ ಮ್ಯಾಟು, ಮಡ್‌ಫ್ಲಾಪು. ಮೇಲಿನ ಕ್ಯಾರಿಯರು, ಬಣ್ಣದ ಮೇಲಿನ ಕೋಟಿಂಗು ಬೇಡ ಅಂದೆವು.

ಒಂದು ಮಾತು ಮಾತ್ರ ಹೇಳಬೇಕು. ನಾಲ್ಕು ಗಾಲಿ ಇದ್ದ ಮಾತ್ರಕ್ಕೆ ಎರೆಮಣ್ಣು ಸೋಲುವುದಿಲ್ಲ. ನೀರು ಕುಡಿದು ಉಬ್ಬಿದ ಆ ಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಯಾವ ಟೈರಾದರೂ ಬೋಳು ಟೈರೇ. ಮೇಲೆ ಹಸಿ, ಕೆಳಗೆ ಗಟ್ಟಿ ಇದ್ದಾಗ ಲಿವರ್ ಎಳೆದು ಲೋ ಗೇರಿನಲ್ಲಿ ಮೆಲ್ಲಗೆ ಹೋದರೆ ದಾಟುತ್ತದೆ. ಅಪ್ಪ ಒಂದು ನಿಯಮ ಮಾಡಿದ್ದಾರೆ: ದಾರಿಯಲ್ಲಿ ಹೆಜ್ಜೆ ಊರಿ ನೋಡಬೇಕು. ಗುರುತಿನಲ್ಲಿ ನೀರು ಜಿನುಗಿದರೆ ಅವತ್ತು ಗಾಡಿ ಮನೆಯಲ್ಲೇ.

ಜಿನುಗದ ದಿನ ಹಿಂದಿನ ಸೀಟು ಅವ್ವನದು. ಹೊಲದ ಬದುವಿನ ತನಕ ಹೋಗಿ, ಕಳೆ ತೆಗೆಯುವವರಿಗೆ ಕೂತಲ್ಲಿಂದಲೇ ಹುಕುಂ ಕೊಡುತ್ತಾಳೆ :) ಪುಣೆಯಿಂದ ಬಂದಾಗಲೆಲ್ಲ ತಮ್ಮ ಮಾತ್ರ ಮಾಡಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾನೆ.

ನೀವಾಗಿದ್ದರೆ ಯಾವುದು ಆರಿಸುತ್ತಿದ್ದಿರಿ?