ಹಾಡು, ಕನ್ನಡಕ ಮತ್ತು ಒಂದು ಮುಖ

ಪಟ್ಟನಾಯಕನಹಳ್ಳಿಯ ಆ ಮನೆಯಲ್ಲಿ ಜಗಳ ಹತ್ತಿದ್ದು ಒಂದು ಟೀ ಶರ್ಟಿನಿಂದ. ಶಿರಾಕ್ಕೆ ಪಿಯುಸಿ ಓದಲು ಹೋಗುವ ಮಗ ಅಲ್ಲಿಂದ ತಂದ ಕಪ್ಪು ಅಂಗಿ. ಎದೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಥಗ್ ಲೈಫ್'. ಅಂಗಳದಲ್ಲಿ ಕಡಲೇಕಾಯಿ ಬಿಡಿಸುತ್ತಿದ್ದ ತಂದೆ ಅದನ್ನು ಕಷ್ಟಪಟ್ಟು ಓದಿಕೊಂಡರು. ಕನ್ನಡದ ಬಗ್ಗೆ ಆಡಿದ ಮಾತಿನಿಂದ ಗದ್ದಲವೆದ್ದು, 2025ರ ಜೂನ್‌ನಲ್ಲಿ ಕರ್ನಾಟಕದಲ್ಲಿ ತೆರೆ ಕಾಣದೇ ಹೋದ ಕಮಲಹಾಸನ್ ಚಿತ್ರದ ಹೆಸರೂ ಅದೇ ಅಲ್ಲವೆ? ಅದರದ್ದೇ ಅಂಗಿ ಇರಬೇಕೆಂದುಕೊಂಡರು. "ಅಲ್ಲಪ್ಪ, ಅದು ಅಮೆರಿಕದ ಹಾಡಿನ ಗುಂಪು. ಠಕ್ಕರ ಬಾಳು ಅಂತ ಅರ್ಥ" ಎಂದು ಮಗಳು ತಿದ್ದಿದಳು. ತಂದೆಗೆ ರೇಗಿತು.

"ಬೋರ್‌ವೆಲ್ ಸಾಲ ಹಂಗೇ ಇಟ್ಕೊಂಡು ನಿನ್ನ ಫೀಜು ಕಟ್ಟಿದ್ದು ಠಕ್ಕ ಆಗ್ಲಿ ಅಂತೇನ್ಲಾ?"

ಹುಡುಗ ಉತ್ತರ ಕೊಡಲಿಲ್ಲ. ಮೊಬೈಲ್ ಹಿಡಿದು ಅಟ್ಟಕ್ಕೆ ಹೋದ. ಎರಡು ತಿಂಗಳಿಂದ ಅವನು ಹೀಗೆಯೇ. ಪುಸ್ತಕ ಮುಂದೆ ಇರುತ್ತದೆ, ಕಿವಿಯಲ್ಲಿ ಅದೇ ಹಾಡು.

'ಥಗ್' ಎಂಬುದು ಇಂಗ್ಲಿಷಿನ ಹುಟ್ಟುಪದವಲ್ಲ. ನಮ್ಮ 'ಠಕ್ಕ', ಹಿಂದಿಯ 'ಠಗ್' ಒಂದೇ ಬಳ್ಳಿಯವು. ದಾರಿಹೋಕರ ಸ್ನೇಹ ಬೆಳೆಸಿ, ಕುತ್ತಿಗೆಗೆ ಬಟ್ಟೆ ಬಿಗಿದು ಕೊಲ್ಲುತ್ತಿದ್ದರೆಂದು ಬ್ರಿಟಿಷ್ ಕಡತಗಳು ಹೇಳುವ ಠಗ್ಗರ ಮೇಲೆ ಮೆಡೋಸ್ ಟೇಲರ್ 1839ರಲ್ಲಿ ಕಾದಂಬರಿ ಬರೆದ. ಮುಂದೆ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದವನೂ ಅವನೇ. ಹೀಗೆ ಇಲ್ಲಿಂದ ಹಡಗು ಹತ್ತಿದ ಪದ ಅಮೆರಿಕ ಸುತ್ತಿ, ಅಂಗಿಯ ಮೇಲೆ ಕುಳಿತು ಪಟ್ಟನಾಯಕನಹಳ್ಳಿಗೆ ಮರಳಿತ್ತು.

ಅಮೆರಿಕದಲ್ಲಿ ಆ ಹೆಸರಿನ ಗುಂಪು ಕಟ್ಟಿದವನು ಟುಪಾಕ್ ಶಕೂರ್. 1971ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಟಿಮೋರಿನ ಕಲಾಶಾಲೆಯಲ್ಲಿ ನಾಟಕ ಕಲಿತವನು. ಬಿಗ್ ಸೈಕ್, ಮೊಪ್ರೀಮ್, ಮಕಡೋಶಿಸ್, ರೇಟೆಡ್ ಆರ್ ಅವನ ಜೊತೆಗಾರರು. ಐವರೂ ಸೇರಿ 1994ರಲ್ಲಿ 'ಥಗ್ ಲೈಫ್: ವಾಲ್ಯೂಮ್ 1' ಎಂಬ ಆಲ್ಬಂ ತಂದರು. ಕಾಲ ಚೆನ್ನಾಗಿರಲಿಲ್ಲ. ಬಂದೂಕು, ಬೀದಿಜಗಳ, ಪೊಲೀಸರ ಮೇಲಿನ ಸಿಟ್ಟನ್ನು ಹಾಡುವ 'ಗ್ಯಾಂಗ್‌ಸ್ಟಾ ರ್‍ಯಾಪ್' ಮಕ್ಕಳನ್ನು ಕೆಡಿಸುತ್ತಿದೆಯೆಂದು ಅದೇ ವರ್ಷ ಅಮೆರಿಕದ ಸಂಸತ್ತಿನಲ್ಲೇ ವಿಚಾರಣೆ ನಡೆದಿತ್ತು. ಆ ಕೂಗಿಗೆ ಹೆದರಿ ಧ್ವನಿಮುದ್ರಿಸಿದ್ದ ಹಲವು ಹಾಡುಗಳನ್ನು ಕೈಬಿಡಲಾಯಿತು. ಉಳಿದದ್ದು ಹತ್ತು. ಆದರೂ ಐದು ಲಕ್ಷ ಪ್ರತಿಗಳಿಗೆ ಸಲ್ಲುವ ಚಿನ್ನದ ಮನ್ನಣೆ ಅದಕ್ಕೆ ದೊರೆಯಿತು. 1996ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡೇಟು ತಿಂದು ಟುಪಾಕ್ ಸತ್ತ. ಆಗ ಅವನಿಗೆ 25. ಎರಡನೆಯ ಸಂಪುಟ ಬರಲೇ ಇಲ್ಲ.

ದೂರಿದವರ ಮಾತು ಪೂರಾ ಸುಳ್ಳಲ್ಲ. ಹೆಣ್ಣುಮಕ್ಕಳೆದುರು ಕೇಳಲಾಗದ ಬೈಗುಳ ಆ ಹಾಡುಗಳಲ್ಲಿದೆ. ಆದರೆ 'ಥಗ್ ಲೈಫ್' ಎಂಬ ಅಕ್ಷರಗಳನ್ನು ಟುಪಾಕ್ ಬೇರೆಯೇ ರೀತಿ ಬಿಡಿಸಿ ಹೇಳುತ್ತಿದ್ದ. ಎಳೆಯ ಮಕ್ಕಳಿಗೆ ಉಣಿಸಿದ ದ್ವೇಷ ಕೊನೆಗೆ ಎಲ್ಲರನ್ನೂ ಸುಡುತ್ತದೆ ಎಂಬುದು ಅದರ ತಾತ್ಪರ್ಯ. 1992ರಲ್ಲಿ ಟೆಕ್ಸಾಸ್‌ನಲ್ಲಿ ಪೊಲೀಸನೊಬ್ಬನನ್ನು ಕೊಂದ ತರುಣ, ಟುಪಾಕನ ಹಾಡು ಕೇಳಿ ಹಾಗೆ ಮಾಡಿದೆನೆಂದ. ನ್ಯಾಯಾಲಯ ಆ ನೆಪ ಒಪ್ಪದೆ ಶಿಕ್ಷೆ ವಿಧಿಸಿತು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬೇಕಿಲ್ಲ. ವಿಜ್ಞಾನದ ಮೊದಲ ಪಾಠಗಳಲ್ಲಿ ಇದೂ ಒಂದು. ಕೋಪದಲ್ಲಿ ಎಲ್ಲರೂ ಮರೆಯುವುದೂ ಇದನ್ನೇ.

ರಾತ್ರಿ ಊಟಕ್ಕೆ ಹುಡುಗ ಇಳಿಯಲಿಲ್ಲ. ತಂದೆಯೇ ಅಟ್ಟ ಹತ್ತಿದರು. ಮೊಬೈಲ್ ಕಿತ್ತುಕೊಳ್ಳಲು ಹೋದವರು, ಮಗನ ಕಣ್ಣು ನೋಡಿ ಪಕ್ಕದಲ್ಲಿ ಕುಳಿತರು.

"ಏನು ಹೇಳ್ತದಪ್ಪ ಆ ಹಾಡು?"

"ಸತ್ತೋದ ಗೆಳೆಯನ ಮೇಲೆ ಕಟ್ಟಿದ್ದು. ನನಗೋಸ್ಕರ ಎಷ್ಟು ದಿನ ಅಳ್ತಾರೆ ಅಂತ ಅವನೇ ಕೇಳ್ದಂಗೆ."

ಆಗ ಎಲ್ಲ ಹೊರಬಂತು. ಎರಡು ತಿಂಗಳ ಹಿಂದೆ ಶಿರಾ ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತವನು ಇವನ ಜೀವದ ಗೆಳೆಯ. ಅದಕ್ಕೆ ವಾರ ಮುಂಚೆ ಅವನು ಕೈಬಿಟ್ಟು ಬೈಕ್ ಓಡಿಸಿದ್ದನ್ನು ಇವನು ಚಿತ್ರೀಕರಿಸಿದ್ದ. ಮೇಲಿನಿಂದ ಕರಿಕನ್ನಡಕ ಇಳಿದು ಕಣ್ಣಿಗೆ ಕೂರುವಂತೆ, ಕೆಳಗೆ 'ಥಗ್ ಲೈಫ್' ಎಂದು ಮೂಡುವಂತೆ ಮಾಡಿ ಸ್ಟೇಟಸ್‌ಗೆ ಹಾಕಿದ್ದ. ಎಲ್ಲರೂ ನಕ್ಕು, ಮೆಚ್ಚಿದ್ದರು.

"ನಾನು ಕನ್ನಡಕ ಹಾಕ್ದೆ ಅಪ್ಪ. ಹೆಲ್ಮೆಟ್ ಹಾಕ್ಕೋ ಅಂತ ಒಂದು ಮಾತು ಅನ್ಲಿಲ್ಲ."

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕಾಡುಗೊಲ್ಲರು ಗಣೆಯ ನಾದದೊಂದಿಗೆ ರಾತ್ರಿಯಿಡೀ ಹಾಡುವ ಜುಂಜಪ್ಪನ ಕಥೆಯನ್ನು ಕೇಳಿ ಬೆಳೆದವರು ಅವರು. ಅದರಲ್ಲೂ ಹಗೆಯುಂಟು, ಸಾವುಂಟು. ಅದನ್ನು ಕೇಳಿ ಯಾರೂ ಕತ್ತಿ ಹಿಡಿದು ಹೊರಟಿರಲಿಲ್ಲ. ಅತ್ತವರನ್ನು ಮಾತ್ರ ಅವರು ಕಂಡಿದ್ದರು. "ನಿನ್ನಿಂದ ಸತ್ತ ಅಂತ ಅಲ್ಲ ಕಣೋ" ಎಂದರು. ತುಸು ತಡೆದು, "ಒಂದು ಮಾತು ಹೇಳ್ಬೇಕಿತ್ತು, ಅದು ನಿಜ. ನಾನೂ ಹೆಲ್ಮೆಟ್ ಇಲ್ದಲೇ ಗಾಡಿ ಓಡಿಸ್ತೀನಲ್ಲ, ನೀನು ಯಾರನ್ನ ನೋಡಿ ಕಲೀಬೇಕು?" ಎಂದರು.

ಮಾರನೆಯ ದಿನ ಇಬ್ಬರೂ ಗೆಳೆಯನ ಮನೆಗೆ ಹೋದರು. ತಿಥಿಯಾದ ಮೇಲೆ ಹುಡುಗ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಆ ತಾಯಿ ಬೈಯಲಿಲ್ಲ; ಕಾಫಿ ಕೊಟ್ಟು, "ನಿನ್ನ ಮೊಬೈಲ್‌ನಾಗೆ ನಮ್ಮ ಹುಡುಗಂದು ಏನಾದ್ರೂ ಐತೇನಪ್ಪ?" ಎಂದು ಕೇಳಿದರು.

ಹುಡುಗ ಹುಡುಕಿ ತೆಗೆದ. ಸ್ಟೇಟಸ್‌ಗೆ ಹಾಕಿದ್ದನ್ನಲ್ಲ, ಮೊದಲು ತೆಗೆದ ಮೂಲ ವಿಡಿಯೊವನ್ನು. ಅದರಲ್ಲಿ ಕನ್ನಡಕವಿಲ್ಲ, ಅಕ್ಷರಗಳಿಲ್ಲ. ಗಾಳಿಗೆ ಕೂದಲು ಹಾರುತ್ತಿದೆ. ಕಣ್ಣು ಕಿರಿದು ಮಾಡಿ ನಗುತ್ತಿದ್ದಾನೆ.

ತಾಯಿ ಇನ್ನೊಮ್ಮೆ ಹಾಕು ಎಂದರು.