ನಾವು ಕೇಳಿದ ಗಾಯನ, ಓದಿದ ಪುಸ್ತಕ

ಸಂಗೀತದ ವಿಷಯವಾಗಿ ಬರೆಯುವ ಅಧಿಕಾರ ಹಾಡಬಲ್ಲವರಿಗೆ ಮಾತ್ರ ಉಂಟೆಂದಾದರೆ ಈ ಲೇಖನವನ್ನು ಇಲ್ಲಿಯೇ ನಿಲ್ಲಿಸಬೇಕಾದೀತು. ನಾವು ನಾಲ್ವರೂ ಹಾಡುವವರಲ್ಲ, ಕೇಳುವವರು. ಇದೇ ಶಾಲೆಯ ಹಳೆಯ ವಿದ್ಯಾರ್ಥಿಗಳು. ಒಬ್ಬರದು ಕಿರಾಣಿ ಅಂಗಡಿ, ಒಬ್ಬರದು ದಾಳಿಂಬೆ ತೋಟ, ಒಬ್ಬರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು, ಇನ್ನೊಬ್ಬರು ಮಾಸ್ತರರು. ರವಿವಾರ ಸಂಜೆ ನಾಲ್ವರೂ ಒಂದೆಡೆ ಕೂಡಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವುದು ಅನೇಕ ವರ್ಷಗಳಿಂದ ನಡೆದುಬಂದ ಪದ್ಧತಿ. ಒಂದೇ ಹಾಡನ್ನು ಕೇಳಿ ನಾಲ್ಕು ತರಹದ ಅಭಿಪ್ರಾಯ ಹೇಳುವುದೂ ಅಷ್ಟೇ ಹಳೆಯ ಪದ್ಧತಿ. ಮುಖ್ಯಾಧ್ಯಾಪಕರು ವಾರ್ಷಿಕಾಂಕಕ್ಕೆ ಏನಾದರೂ ಬರೆಯಿರೆಂದಾಗ, ಯಾವ ವಿಷಯದಲ್ಲಿ ನಾವು ಹೆಚ್ಚು ಜಗಳಾಡುತ್ತೇವೋ ಅದನ್ನೇ ಬರೆಯುವುದೆಂದು ತೀರ್ಮಾನಿಸಿದೆವು.

ಜತ್ತ ತಾಲೂಕಿನ ನಮ್ಮಂಥವರ ಕಿವಿ ಬಾಲ್ಯದಿಂದಲೇ ಎರಡು ಕಡೆಗೆ ತಿರುಗಿದ್ದು. ಮನೆಯಲ್ಲಿದ್ದ ರೇಡಿಯೋದ ಮುಳ್ಳನ್ನು ಸ್ವಲ್ಪ ಹೊರಳಿಸಿದರೆ ಧಾರವಾಡ, ಇನ್ನೊಂದಿಷ್ಟು ಹೊರಳಿಸಿದರೆ ಸಾಂಗ್ಲಿ. ಧಾರವಾಡದಿಂದ ವಚನ, ಸಾಂಗ್ಲಿಯಿಂದ ಅಭಂಗ. ಮಳೆಗಾಲದಲ್ಲಿ ಧಾರವಾಡ ಗರಗರ ಎನ್ನುತ್ತಿತ್ತು. ಆಗ ಅಜ್ಜ ರೇಡಿಯೋದ ತಲೆಯ ಮೇಲೆ ಒಂದು ಪೆಟ್ಟು ಕೊಡುತ್ತಿದ್ದರು. ಆಶ್ಚರ್ಯವೆಂದರೆ ಅದರಿಂದ ಪ್ರಯೋಜನವೂ ಆಗುತ್ತಿತ್ತು.

ಎರಡೂ ಕಡೆಗಳಿಂದ ಒಂದೇ ಕಂಠ ಕೇಳಿಬರುತ್ತಿತ್ತೆಂಬುದು ಇಲ್ಲಿ ಹೇಳಬೇಕಾದ ಮಾತು. ಭೀಮಸೇನ ಜೋಶಿಯವರು 1922ರಲ್ಲಿ ಗದಗಿನ ಕಡೆ ಹುಟ್ಟಿ, ಪುಣೆಯಲ್ಲಿ ನೆಲೆಸಿ, 2011ರಲ್ಲಿ ಅಲ್ಲಿಯೇ ತೀರಿಕೊಂಡವರು. ಪುರಂದರದಾಸರ ಪದಗಳನ್ನು ಕನ್ನಡದಲ್ಲಿ ಹಾಡಿದ ಅವರ ‘ದಾಸವಾಣಿ’ ನಮ್ಮ ಮನೆಗಳಲ್ಲಿ ಎಷ್ಟು ಬಳಕೆಯದೋ, ತುಕಾರಾಮ ಮೊದಲಾದ ಸಂತರ ಅಭಂಗಗಳನ್ನು ಹಾಡಿದ ‘ಅಭಂಗವಾಣಿ’ಯೂ ಅಷ್ಟೇ ಬಳಕೆಯದು. ಇವೆರಡರಲ್ಲಿ ಯಾವುದು ಹೆಚ್ಚೆಂಬುದು ನಮ್ಮ ಮೊದಲ ಜಗಳ. ತೋಟದವರಿಗೆ ಅಭಂಗವೇ ಬೇಕು. ಪಂಢರಪುರದ ದಾರಿ ಹಿಡಿದ ವಾರಕರಿಗಳ ಹೆಜ್ಜೆ, ತಾಳದ ಸಪ್ಪಳ ಅದರಲ್ಲಿ ಕೇಳುತ್ತದೆಂಬುದು ಅವರ ವಾದ. ಉಳಿದ ಮೂವರದು ದಾಸವಾಣಿಯ ಪಕ್ಷ. ಅಭಂಗವನ್ನು ಹಾಡುವಾಗ ಭೀಮಸೇನರು ದೊಡ್ಡ ಸಭೆಯ ಮುಂದೆ ನಿಂತಂತಿದ್ದಾರೆ. ದಾಸರ ಪದಕ್ಕೆ ಬಂದಾಗ ತಾಯಿಯ ಮುಂದೆ ಕುಳಿತಂತಿದ್ದಾರೆ. ಅಲ್ಲಿಯ ಒತ್ತಕ್ಷರಗಳು ಸಹ ಮೆತ್ತಗಾಗಿವೆ. ಇದು ಭಾಷೆಯ ಅಭಿಮಾನದಿಂದ ಆಡಿದ ಮಾತೆಂದು ತೋಟದವರು ಹೇಳುತ್ತಾರೆ. ಇರಬಹುದು, ಆದರೂ ನಮ್ಮ ಮತ ಬದಲಾಗಿಲ್ಲ.

ಈ ಜಗಳ ಮನೆಯೊಳಗಿನ ವಿನೋದವಾಗಿಯೇ ಉಳಿಯುತ್ತಿತ್ತು. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿ ಅದಕ್ಕೆ ಬೇರೆ ಬಣ್ಣ ಕೊಟ್ಟಿತು. ಅಂತರಶಾಲಾ ಗಾಯನ ಸ್ಪರ್ಧೆಯೊಂದಕ್ಕೆ ನಮ್ಮೂರಿನ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಹೋಗಿದ್ದಳು. ಅಕ್ಕಮಹಾದೇವಿಯ ವಚನವನ್ನು ಭೈರವಿಯಲ್ಲಿ ಕೂಡಿಸಿಕೊಂಡು ಹಾಡಿದಳು. ಶ್ರುತಿ ಬಿಟ್ಟಿರಲಿಲ್ಲ, ತಾಳ ತಪ್ಪಿರಲಿಲ್ಲ. ಪರೀಕ್ಷಕರೊಬ್ಬರು ಧ್ವನಿ ಚೆನ್ನಾಗಿದೆಯೆಂದು ಹೊಗಳಿ, ಇಂಥ ಹಾಡು ಇಲ್ಲಿಗೆ ಹೊಂದುವುದಿಲ್ಲ, ಮುಂದಿನ ಸಲ ಇಲ್ಲಿಯದನ್ನು ಹಾಡೆಂದು ಉಪದೇಶಿಸಿದರಂತೆ. ಆ ದಿನ ಕಾರ್ಯಕ್ರಮದ ಆರಂಭಕ್ಕೆ ಮಂಟಪದಲ್ಲಿ ಹಚ್ಚಿದ್ದು ಭೀಮಸೇನರ ಅಭಂಗ! ಆ ಕಂಠ ಯಾವ ಊರಿನದೆಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಮರುದಿನ ಹುಡುಗಿ ಕಿರಾಣಿ ಅಂಗಡಿಗೆ ಬಂದಾಗ ಕೇಳಿದಳು: “ಕಾಕಾ, ನಮ್ಮ ಹಾಡು ಅಲ್ಲೆ ಯಾಕ ಹೊಂದೂದಿಲ್ರಿ? ನಾವೇನ ಬ್ಯಾರೆ ಕಡಿಂದ ಬಂದೇವೇನ್ರಿ?”

ಅವಳ ತಂದೆಗೆ ಇದು ಹಾಡಿನ ಪ್ರಶ್ನೆಯಾಗಿ ಕಾಣಲಿಲ್ಲ. ಕನ್ನಡದಲ್ಲಿ ಕಲಿತರೆ ಮುಂದೆಯೂ ಹೀಗೆಯೇ ಹೊರಗೆ ನಿಲ್ಲಬೇಕಾದೀತೆಂದು ಹೆದರಿ, ಅವಳ ತಮ್ಮನ ಹೆಸರನ್ನು ನಮ್ಮ ಶಾಲೆಯಿಂದ ತೆಗೆಸುವ ಮಾತಾಡಿದರು. ಅವರನ್ನು ದೂರಲಾರೆವು, ಮಕ್ಕಳ ಅನ್ನದ ಚಿಂತೆ ತಂದೆತಾಯಿಗಳಿಗೆ ಇದ್ದದ್ದೇ. ಆದರೆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಪಾಲಿಗೆ ಬಂತು. ಅವಳನ್ನೂ ಅವಳ ಅವ್ವನನ್ನೂ ರವಿವಾರದ ನಮ್ಮ ಕೂಟಕ್ಕೆ ಕರೆದೆವು. ವಾದ ಮಾಡುವ ಬದಲು ಹಾಡು ಕೇಳಿಸಿದೆವು.

ಮೊದಲು ಕೇಳಿಸಿದ್ದು ಅಬ್ದುಲ್ ಕರೀಂ ಖಾನರನ್ನು. ಅವರ ಮುದ್ರಿಕೆಗಳು ಒಂದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನವು. ಒಂದು ಬದಿಗೆ ಮೂರು ಮೂರೂವರೆ ನಿಮಿಷ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಈಗ ನಾವು ಕೇಳುವುದು ಅವುಗಳ ನಕಲನ್ನು; ಬಾಣಲೆಯಲ್ಲಿ ಏನೋ ಹುರಿದಂಥ ಸಪ್ಪಳ ಹಿಂದೆ ಇದ್ದೇ ಇರುತ್ತದೆ. ಆ ಸಪ್ಪಳವನ್ನು ದಾಟಿ ಬರುವ ಅವರ ಸ್ವರ ಎಷ್ಟು ತೆಳುವೋ ಅಷ್ಟೇ ಗಟ್ಟಿ. ಝಿಂಝೋಟಿ ರಾಗದಲ್ಲಿ ಅವರು ಹಾಡಿದ ಠುಮರಿಯ ಪ್ಲೇಟನ್ನು ಕೇಳಿಯೇ ಬಾಲಕ ಭೀಮಸೇನ ಹುಚ್ಚಾಗಿ, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದು. (ವಿದ್ಯಾರ್ಥಿಗಳು ಹಾಡು ಕೇಳಲಿ, ಓಡುವುದನ್ನು ಕಲಿಯುವುದು ಬೇಡ.) ಮೂರು ನಿಮಿಷದಲ್ಲಿ ಒಬ್ಬ ಹುಡುಗನ ಬಾಳನ್ನು ಬದಲಿಸಿದ ವಸ್ತು ಅದು. ಮುಂದೆ ಇಪ್ಪತ್ತು ನಿಮಿಷಕ್ಕೂ ಮೀರಿ ಓಡುವ ದೊಡ್ಡ ತಟ್ಟೆಗಳು ಬಂದವು, ಒಂದು ತಾಸಿನ ಕ್ಯಾಸೆಟ್ಟು ಬಂತು, ಈಗಂತೂ ಮೊಬೈಲಿನಲ್ಲಿ ಕೊನೆಯೇ ಇಲ್ಲ. ವೇಳೆ ಹೆಚ್ಚಿದಂತೆ ರಸವೂ ಹೆಚ್ಚಿತೆಂದು ನಮಗೆ ಅನ್ನಿಸಿಲ್ಲ.

ಈ ಖಾನಸಾಹೇಬರು ಹುಟ್ಟಿದ್ದು ಉತ್ತರದ ಕಿರಾನಾದಲ್ಲಿ. ನೆಲೆಸಿದ್ದು ನಮ್ಮದೇ ಸಾಂಗ್ಲಿ ಜಿಲ್ಲೆಯ ಮಿರಜದಲ್ಲಿ. ತ್ಯಾಗರಾಜರ ತೆಲುಗು ಕೃತಿಯನ್ನೂ ಹಾಡಿ ಪ್ಲೇಟು ಕೊಟ್ಟವರು ಅವರು. 1937ರಲ್ಲಿ ಮದ್ರಾಸಿನ ಕಡೆಯ ಪ್ರಯಾಣದಲ್ಲಿ ಸಿಂಗಪೆರುಮಾಳಕೋಯಿಲ್ ಎಂಬ ಸ್ಟೇಷನ್ನಿನಲ್ಲಿ ಪ್ರಾಣ ಬಿಟ್ಟರು. ದೇಹ ಬಂದದ್ದು ಮಿರಜಕ್ಕೆ, ಮೀರಾಸಾಹೇಬರ ದರ್ಗಾಕ್ಕೆ. ಉರುಸಿನಲ್ಲಿ ಗಾಯಕರು ಅಲ್ಲಿಗೆ ಬಂದು ಹಾಡಿ ಹೋಗುತ್ತಾರೆ. ನಾವು ಹೋಗಿ ಕೇಳಿದ್ದೇವೆ. ಅಲ್ಲಿ ನೆಲದ ಮೇಲೆ ಕೂಡ್ರುವುದು. ಹೂವಿನವನು, ಫಕೀರ, ಕಾಲೇಜಿನ ಪ್ರೊಫೆಸರ್ ಎಲ್ಲ ಒಂದೇ ಜಮಖಾನೆಯ ಮೇಲೆ. ಕುರ್ಚಿ ಹಾಕಿದ ದೊಡ್ಡ ಸಭಾಗೃಹದ ಕಚೇರಿಗಿಂತ ನಮ್ಮ ಮನಸ್ಸಿಗೆ ಈ ಕೂಡಿಕೆ ಹೆಚ್ಚು ಹಿಡಿಸುತ್ತದೆ. ಕುರ್ಚಿಯಲ್ಲಿ ಕುಳಿತ ಮನುಷ್ಯ ತಾಸಿಗೊಮ್ಮೆ ಗಡಿಯಾರ ನೋಡುತ್ತಾನೆ.

ಆ ಹುಡುಗಿಯನ್ನು ಒಮ್ಮೆ ಮಿರಜಕ್ಕೂ ಕರೆದೊಯ್ದು ತಂಬೂರಿ ಮಾಡುವವರ ಓಣಿ ತೋರಿಸಿದೆವು. ಶಸ್ತ್ರ ಮಾಡುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಳ ಕೆಲಸಕ್ಕೆ ತಿರುಗಿದರು; ಅವರ ವಂಶದವರು ಇಂದಿಗೂ ಅದನ್ನೇ ಮಾಡುತ್ತಾರೆ. ತಂಬೂರಿಯ ಬುರುಡೆಗೆ ಬೇಕಾಗುವ ದೊಡ್ಡ ಸೋರೆಕಾಯಿ ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಿಂದ ಬರುತ್ತದೆ. ಒಣಗಿಸಿ, ಕತ್ತರಿಸಿ, ನೀರಿನಲ್ಲಿ ನೆನೆಸಿ, ಬೇಕಾದ ಆಕಾರಕ್ಕೆ ತರುತ್ತಾರೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಲಿಕ ಸೂಚಕದ ಮಾನ್ಯತೆ ದೊರೆಯಿತು. ಕುಶಲಕರ್ಮಿಯೊಬ್ಬರು ಬಿಳಿ ಎಳೆಯನ್ನು ತಂತಿಯ ಕೆಳಗೆ ಕೂದಲಷ್ಟು ಸರಿಸಿ ‘ಜವಾರಿ’ ತೆಗೆಯುವುದನ್ನು ಅವಳು ಅಲ್ಲಾಡದೆ ನೋಡಿದಳು. ಒಣಗಿದ ಸದ್ದು ಒಮ್ಮೆಲೆ ಜೇನುಹುಳಗಳ ಗುಂಪಿನಂತೆ ತುಂಬಿಕೊಂಡಿತು. ಬಸವಣ್ಣನವರು ಬಾಳಿದ ಮಂಗಳವೇಢೆಯ ನೆಲದ ಸೋರೆಕಾಯಿ, ಮಿರಜದ ಶಿಕಲಗಾರರ ಕೈ, ಮೇಲೆ ವಚನವೋ ಅಭಂಗವೋ! ತಂಬೂರಿಗೆ ಮಾತ್ರ ಯಾವ ಹಾಡು ಹೊಂದುವುದಿಲ್ಲವೆಂಬುದು ತಿಳಿಯದು.

ಇನ್ನು ಮಲ್ಲಿಕಾರ್ಜುನ ಮನ್ಸೂರರು. ನಮ್ಮ ನಾಲ್ವರಲ್ಲಿ ಜಗಳವೇ ಇಲ್ಲದ ಒಂದು ವಿಷಯವಿದ್ದರೆ ಇದು. ಭೀಮಸೇನರು ಹೊಳೆ, ಮನ್ಸೂರರು ಬಾವಿ ಎಂದು ನಮ್ಮ ಮಾಸ್ತರರು ಹೇಳುತ್ತಾರೆ. ಹೊಳೆಯನ್ನು ದಂಡೆಯಲ್ಲಿ ನಿಂತು ನೋಡಬಹುದು, ಬಾವಿಗೆ ಇಳಿಯಲೇಬೇಕು. 1980ರ ದಶಕದಲ್ಲಿ ಒಮ್ಮೆ ಅವರನ್ನು ಎದುರಿಗೆ ಕುಳಿತು ಕೇಳುವ ಭಾಗ್ಯ ನಮಗೆ ದೊರೆತಿತ್ತು. ಕೃಶ ದೇಹ, ತಲೆಗೆ ಟೊಪ್ಪಿಗೆ. ಬಹಳ ಹೊತ್ತು ಆಲಾಪವನ್ನು ಬೆಳೆಸಿ ಜನರನ್ನು ಕಾಯಿಸುವ ಪದ್ಧತಿ ಅವರದಲ್ಲ. ತಬಲೆಯ ಜೊತೆಗೇ ಚೀಜು ಹಿಡಿದರೆಂದರೆ ಮಾತು, ಸ್ವರ, ಲಯ ಮೂರೂ ಒಂದೇ ಹುರಿಯಾಗಿ ಬರುತ್ತಿದ್ದವು. ಯಾವ ರಾಗವೆಂದು ನಮಗೆ ಗುರುತು ಹತ್ತಲಿಲ್ಲ. ಅಪರೂಪದ ರಾಗಗಳೆಂದರೆ ಅವರಿಗೆ ಮನೆಯ ಅಂಗಳ. ಶುದ್ಧ ನಟ, ಬಹಾದುರಿ ತೋಡಿ, ಲಚ್ಚಾಸಾಖ್ ಮುಂತಾದ ಹೆಸರುಗಳನ್ನು ನಾವು ಆಮೇಲೆ ಕಲಿತದ್ದು. ಧ್ವನಿಮುದ್ರಿಕೆಯಲ್ಲಿ ಅವರ ಅರ್ಧ ಮಾತ್ರ ಸಿಗುತ್ತದೆಂಬುದು ನಮ್ಮ ಅಭಿಪ್ರಾಯ. ಸಮಕ್ಕೆ ಬಂದಾಗ ಮುಖದ ಮೇಲೆ ಮೂಡುವ ಹುಡುಗುತನ ಪ್ಲೇಟಿನಲ್ಲಿ ಎಲ್ಲಿಂದ ಬರಬೇಕು?

ಅವರು ಹಾಡಿದ ವಚನಗಳ ಮುದ್ರಿಕೆಯನ್ನು ಆ ಹುಡುಗಿಗೆ ಕೇಳಿಸಿದೆವು. ಅವಳ ಅವ್ವ ಕಣ್ಣೊರೆಸಿಕೊಂಡರು. ಆಮೇಲೆ ಕಪಾಟಿನಿಂದ ‘ನನ್ನ ರಸಯಾತ್ರೆ’ಯನ್ನು ತೆಗೆದು ಕೈಗೆ ಕೊಟ್ಟೆವು. ಅದು ಮನ್ಸೂರರ ಆತ್ಮಕಥೆ. ದೊಡ್ಡ ಪುಸ್ತಕವಲ್ಲ, ಆದರೆ ದೊಡ್ಡ ಮನಸ್ಸಿನದು. 1910ರಲ್ಲಿ ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ ಮಿರಜದ ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಕಲಿತರು. ಬಳಿಕ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯರಾದರು. ಮಂಜಿ ಖಾನರು 1937ರಲ್ಲಿ ಅಕಾಲದಲ್ಲಿ ತೀರಿದಾಗ ಅವರ ತಮ್ಮ ಬುರ್ಜಿ ಖಾನರಲ್ಲಿ ವಿದ್ಯೆ ಮುಂದುವರಿಯಿತು. ತಮ್ಮ ಹಿರಿಮೆಗಿಂತ ಗುರುಗಳ ಹಿರಿಮೆಯನ್ನು ಹೆಚ್ಚು ಹೇಳುವ ಆತ್ಮಕಥೆಗಳು ಕಡಿಮೆ. ನಿವೃತ್ತ ಬ್ಯಾಂಕಿನವರಿಗೆ ಇದರಲ್ಲಿ ಒಂದು ತಕರಾರು: ಕೆಲವೆಡೆ ಬೇಗ ಮುಗಿಸಿಬಿಟ್ಟಿದ್ದಾರೆ, ಇನ್ನಷ್ಟು ಬರೆಯಬೇಕಿತ್ತು. ಊಟ ಚೆನ್ನಾಗಿದ್ದಾಗ ಬರುವ ತಕರಾರು ಇದು.

ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಓದುವಾಗ ಇಂಥ ಸುಖ ಸಿಗುವುದಿಲ್ಲ, ಎದೆ ಭಾರವಾಗುತ್ತದೆ. ಹೆಣ್ಣುಮಕ್ಕಳು ಮೊದಲು ಓದಬೇಕಾದ ಪುಸ್ತಕ ಅದೇ ಎಂದು ನಮ್ಮ ಶಿಫಾರಸು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತೆ ಹಾಡಿದ ಬಾಲಕಿ ಅವರು. ಬಾಲ್ಯದಲ್ಲಿ ನೆರೆಯವರ ತೋಟದ ಮಾವಿನಹಣ್ಣು ಕದ್ದಾಗ ಕಳವಿಗಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳೆಂದೇ ಅವರು ಸಿಟ್ಟಾದರೆಂದೂ, ಮುಂದೆ ಅದೇ ಜನ ತಮ್ಮನ್ನು ಮನೆಗೆ ಕರೆದರೆಂದೂ ಗಂಗೂಬಾಯಿಯವರು ಹೇಳಿಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು ಎಷ್ಟೋ ವರ್ಷ. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಮೊದಲಿನ ಪ್ಲೇಟುಗಳ ಎಳೆಯ ದನಿಯನ್ನೂ ಕೊನೆಗಾಲದ ಗಂಭೀರ ದನಿಯನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ಇಬ್ಬರು ಬೇರೆ ಬೇರೆ ಗಾಯಕರೆಂದು ಆಣೆ ಮಾಡಿ ಹೇಳೀರಿ. ನಮಗೆ ಆ ಎರಡನೆಯ ದನಿಯೇ ಬೇಕು. ಅಂದವಾದ ದನಿ ಅನೇಕರಿಗೆ ಉಂಟು, ಅಷ್ಟು ನಿಜವಾದ ದನಿ ಇಲ್ಲ.

ಮರಾಠಿ ಪುಸ್ತಕಗಳನ್ನೂ ಬಿಡಬಾರದು. ನಮಗೆ ಎರಡೂ ಲಿಪಿ ಓದಲು ಬರುತ್ತದೆಂಬುದು ಬೆಂಗಳೂರಿನವರಿಗೆ ಇಲ್ಲದ ಸೌಕರ್ಯ. ಬಿ. ಆರ್. ದೇವಧರರ ‘ಥೋರ ಸಂಗೀತಕಾರ’ದಲ್ಲಿ ಹಳೆಯ ಗವಾಯಿಗಳು ನಮ್ಮ ಪಡಸಾಲೆಗೆ ಬಂದು ಕುಳಿತಂತಿದ್ದಾರೆ. ಈ ದೇವಧರರ ಶಿಷ್ಯರೇ ಕುಮಾರ ಗಂಧರ್ವರು, ಅಂದರೆ ಬೆಳಗಾವಿ ಹತ್ತಿರದ ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠ. ಕ್ಷಯರೋಗದಿಂದ ವರ್ಷಗಟ್ಟಲೆ ಹಾಡು ನಿಂತು, ಮಾಳವದ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಅಲ್ಲಿಯ ಜನಪದ ಹಾಡುಗಳನ್ನು ಕಿವಿಗೊಟ್ಟು ಕೇಳಿ, ಎದ್ದ ಮೇಲೆ ಕಬೀರನನ್ನು ಬೇರೆಯೇ ರೀತಿಯಲ್ಲಿ ಹಾಡಿದರು. ಅವರ ವಿಷಯ ಬರೆಯಹೊರಟರೆ ಇನ್ನೊಂದು ವಾರ್ಷಿಕಾಂಕ ಬೇಕು. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿಯನ್ನು ಹದಿನೆಂಟರ ವಯಸ್ಸಿನಲ್ಲಿ ಓದಿ ಅತ್ತದ್ದುಂಟು. ಈಗ ಓದಿದರೆ ಕಣ್ಣೀರು ತುಸು ಹೆಚ್ಚಾಯಿತೆನ್ನಿಸುತ್ತದೆ. 1966ರಲ್ಲಿ ಬಂದ ಅದರ ಚಲನಚಿತ್ರದಲ್ಲಿ ಭೀಮಸೇನರು ಹಾಡಿದ್ದಾರೆ, ಅಷ್ಟಕ್ಕಾಗಿಯಾದರೂ ನೋಡಬೇಕು.

ಹುಡುಗಿಯ ತಮ್ಮನನ್ನು ಬೇರೆ ಶಾಲೆಗೆ ಸೇರಿಸಿಯೇಬಿಟ್ಟರು. ನಮ್ಮ ಹಾಡುಗಳಿಂದ ಅದು ನಿಲ್ಲಲಿಲ್ಲ. ಅವಳು ಮಾತ್ರ ಹತ್ತನೆಯದನ್ನು ಇಲ್ಲಿಯೇ ಮುಗಿಸಿದಳು. ಮರುವರ್ಷದ ಸ್ಪರ್ಧೆಗೆ ಹೋಗಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಶ್ರಾವಣದ ಸೋಮವಾರ ಗುಡಿಯಲ್ಲಿ ಒಂದು ವಚನ, ಒಂದು ಅಭಂಗ ಹಾಡಿದಳು. ತಮ್ಮ ತಾಳ ಹಿಡಿದು ಪಕ್ಕದಲ್ಲಿ ಕುಳಿತಿದ್ದ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಅಜ್ಜಂದಿರ ಕಾಲದ ಪ್ಲೇಟುಗಳಿದ್ದರೆ ಗುಜರಿಯವನಿಗೆ ಹಾಕಬೇಡಿರಿ. ಒಂದರ ಮೇಲೊಂದು ಮಲಗಿಸಿದರೆ ಸೊಟ್ಟಾಗುತ್ತವೆ, ಪುಸ್ತಕದಂತೆ ನಿಲ್ಲಿಸಿ ಇಡಿರಿ. ಕ್ಯಾಸೆಟ್ಟುಗಳನ್ನು ಬಿಸಿಲಿಗೆ ಇಡಬೇಡಿರಿ. ಮೇಲೆ ಹೇಳಿದ ಪುಸ್ತಕಗಳ ಒಂದೊಂದು ಪ್ರತಿಯನ್ನು ಈ ವರ್ಷ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇವೆ. ಎರಡನೆಯ ಕಪಾಟಿನ ಮೇಲಿನ ಸಾಲಿನಲ್ಲಿವೆ. ರವಿವಾರ ಸಂಜೆ ಐದಕ್ಕೆ ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಬರುವವರು ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಬೇಕು. ಮುಂದಿನ ವಾರ ಬಸವರಾಜ ರಾಜಗುರುಗಳ ಸರದಿ.