ಟೆಕ್ಸಸ್ ಗುಡ್ಡಗಾಡಿನಲ್ಲಿ ಜಿಂಕೆಯ ಲೆಕ್ಕ

ನವೆಂಬರ್ ತಿಂಗಳ ಮೊದಲ ಶನಿವಾರದ ಹಿಂದಿನ ಸಂಜೆ ಲಾನೋ ಪಟ್ಟಣಕ್ಕೆ ಬಂದಿಳಿದವರಿಗೆ ಮರುದಿನ ಅಲ್ಲೇನೋ ಜಾತ್ರೆ ಇದೆ ಎನಿಸುತ್ತದೆ. ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಈ ಊರು ಉಳಿದ ದಿನಗಳಲ್ಲಿ ಸದ್ದುಗದ್ದಲವಿಲ್ಲದ್ದು. ಅದೇ ಹೆಸರಿನ ಒಂದು ನದಿ, ನದಿಯ ಪಾತ್ರದಲ್ಲಿ ಗುಲಾಬಿ ಬಣ್ಣದ ಬಂಡೆಗಳು, ಚೌಕದಲ್ಲಿ ಹಳೆಯ ನ್ಯಾಯಾಲಯದ ಕಟ್ಟಡ. ಆ ಸಂಜೆ ಮಾತ್ರ ಬೇಟೆಗಾರರಿಗೆ ಸ್ವಾಗತ ಕೋರುವ ಬ್ಯಾನರುಗಳು, ಪೆಟ್ರೋಲ್ ಬಂಕಿನ ಮುಂದೆ ಮೆಕ್ಕೆಜೋಳದ ಮೂಟೆಗಳು, ಮಾಂಸ ಕತ್ತರಿಸಿಕೊಡುವ ಅಂಗಡಿಗಳಲ್ಲಿ ದೀಪ. ಮರುದಿನ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವಾಗ ಜಿಂಕೆ ಬೇಟೆಯ ಋತು ಕಾನೂನು ಪ್ರಕಾರ ಆರಂಭವಾಗುತ್ತದೆ. ಲಾನೋ ತನ್ನನ್ನು 'ಟೆಕ್ಸಸ್‌ನ ಜಿಂಕೆ ರಾಜಧಾನಿ' ಎಂದೇ ಕರೆದುಕೊಳ್ಳುತ್ತದೆ.

ಇಲ್ಲಿಯ ನೆಲವನ್ನು ಮೊದಲು ನೋಡಬೇಕು. ಊರಿನ ಸುತ್ತಲ ಗ್ರಾನೈಟ್ ಬಂಡೆಗೆ ನೂರು ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸು. ಲಾನೋದಿಂದ ದಕ್ಷಿಣಕ್ಕೆ, 1846ರಲ್ಲಿ ಜರ್ಮನ್ ವಲಸೆಗಾರರು ಕಟ್ಟಿದ ಫ್ರೆಡರಿಕ್ಸ್‌ಬರ್ಗ್ ಊರಿನ ಕಡೆಗೆ ಹೋದರೆ 'ಎನ್‌ಚಾಂಟೆಡ್ ರಾಕ್' ಎಂಬ ಬೋಳು ಗುಡ್ಡ ಸುತ್ತಲ ನೆಲದಿಂದ ಸುಮಾರು 130 ಮೀಟರ್ ಮೇಲೆದ್ದು ನಿಂತಿದೆ. ರಾಮನಗರದ ಬೆಟ್ಟಗಳನ್ನು ಕಂಡವರಿಗೆ ಅದು ಪರಿಚಿತ ದೃಶ್ಯ. ಉತ್ತರಕ್ಕೆ ಹೋದರೆ ರಸ್ತೆಬದಿಯ ಬಂಡೆಯಲ್ಲೇ ನೀಲಿ ಸ್ಫಟಿಕದ ಚುಕ್ಕೆಗಳಿರುವ 'ಲಾನೈಟ್' ಎಂಬ ಶಿಲೆ ಕಾಣುತ್ತದೆ. ಅದಕ್ಕೆ ಹೆಸರು ಬಂದಿರುವುದೂ ಈ ಊರಿನಿಂದಲೇ. ಆಚೆಗೆ ಸುಣ್ಣಕಲ್ಲಿನ ಪ್ರಸ್ಥಭೂಮಿ. ಎಲ್ಲೆಡೆ ಮಣ್ಣು ತೆಳು. ನೇಗಿಲು ಊರಿದರೆ ಕಲ್ಲು ಸಿಗುತ್ತದೆ. ಓಕ್, ಮೆಸ್ಕೀಟ್, ಜುನಿಪರ್ ಗಿಡಗಳ ನಡುವೆ ದನ, ಕುರಿ, ಮೇಕೆ ಮೇಯಿಸುವುದನ್ನು ಬಿಟ್ಟರೆ ಈ ನೆಲದಿಂದ ಹೆಚ್ಚು ಹುಟ್ಟಿಸಲಾಗದು.

ಆ ಹುಟ್ಟುವಳಿಯೂ ಕುಗ್ಗಿತು. 1950ರ ದಶಕದ ದೀರ್ಘ ಬರಗಾಲ ಅನೇಕ ಮಂದೆಗಳನ್ನು ನುಂಗಿತು. ಉಣ್ಣೆಗೂ ಅಂಗೋರಾ ಮೇಕೆಯ ಕೂದಲಿಗೂ 1954ರ ಕಾಯಿದೆಯಂತೆ ಸರಕಾರ ಕೊಡುತ್ತಿದ್ದ ಪ್ರೋತ್ಸಾಹಧನವನ್ನು ನಿಲ್ಲಿಸಲು ಅಮೆರಿಕದ ಸಂಸತ್ತು 1993ರಲ್ಲಿ ತೀರ್ಮಾನಿಸಿತು. ಎರಡು ವರ್ಷಗಳಲ್ಲಿ ಅದು ಪೂರ್ತಿ ನಿಂತೇಹೋಯಿತು. ತಾತನ ಕಾಲದ ಜಮೀನನ್ನು ಮಕ್ಕಳು ಪಾಲು ಮಾಡಿ, ಪಟ್ಟಣದವರಿಗೆ ತುಂಡುತುಂಡಾಗಿ ಮಾರುವುದು ಹೆಚ್ಚಿತು. ಮಾರದೆ ಉಳಿದವರು ತಮ್ಮಲ್ಲಿ ಇನ್ನೇನಿದೆ ಎಂದು ಸುತ್ತ ನೋಡಿದಾಗ ಕಂಡದ್ದು ಜಿಂಕೆ.

ಬಿಳಿಬಾಲದ ಜಿಂಕೆ ಟೆಕ್ಸಸ್‌ನಲ್ಲಿ ಈಗ ಸುಮಾರು 50 ಲಕ್ಷ ಇರಬಹುದೆಂಬ ಅಂದಾಜಿದೆ. ಅವುಗಳಲ್ಲಿ ಅತ್ಯಂತ ದಟ್ಟವಾಗಿರುವುದು ಈ ಗುಡ್ಡಗಾಡಿನಲ್ಲೇ. ಆದರೆ ಜಿಂಕೆ ಯಾರದು? ಅಲ್ಲಿಯ ಕಾನೂನಿನಲ್ಲಿ ಅದು ರಾಜ್ಯದ ಜನರೆಲ್ಲರ ಸ್ವತ್ತು. ನೆಲ ಮಾತ್ರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಖಾಸಗಿಯವರದು. ಆದ್ದರಿಂದ ಜಮೀನುದಾರ ಮಾರುವುದು ಗೇಟಿನೊಳಗೆ ಬರುವ ಹಕ್ಕನ್ನು. ಬೇಟೆಗಾರನ ಬಳಿ ಸರಕಾರದ ಲೈಸೆನ್ಸ್ ಇರಬೇಕು, 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವನಾದರೆ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. 1972ರ ಕಾಯಿದೆಯ ಬಳಿಕ ಜಿಂಕೆಯ ಮೇಲೆ ಕೋವಿ ಎತ್ತುವುದೇ ಅಪರಾಧವಾಗಿರುವ ಕರ್ನಾಟಕದಿಂದ ನೋಡುವವರಿಗೆ ಇದೆಲ್ಲ ತಲೆಕೆಳಗಾದ ಲೋಕ. ಆ ಲೋಕದೊಳಗಿನ ತರ್ಕವನ್ನು ತಿಳಿಯುವುದು ಮಾತ್ರ ಉಪಯುಕ್ತ.

ಐನೂರು ಎಕರೆ ಉಳಿಸಿಕೊಂಡಿರುವ ಒಂದು ಕುಟುಂಬ ಇದೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮೂವತ್ತು ಹಸು. ಅವರ ಮುಂದೆ ಎರಡು ದಾರಿಗಳಿವೆ. ಒಂದು, ಇಡೀ ಋತುವಿಗೆ ಜಮೀನನ್ನು ಪರಿಚಯದ ನಾಲ್ಕು ಜನರಿಗೆ ಗುತ್ತಿಗೆ ಕೊಡುವುದು. ಎಕರೆಗೆ ಹತ್ತಿಪ್ಪತ್ತು ಡಾಲರ್ ಬರುತ್ತದೆ, ತಲೆನೋವು ಕಡಿಮೆ. ಇನ್ನೊಂದು, ತಾವೇ ಗೈಡ್ ಆಗಿ ನಿಂತು ಮೂರು ದಿನದ ಬೇಟೆಯನ್ನು ಊಟ, ವಸತಿ ಸಮೇತ ಮಾರುವುದು. ಹಣ ಹಲವು ಪಟ್ಟು. ಆದರೆ ಬೆಳಗಿನ ನಾಲ್ಕಕ್ಕೆ ಕಾಫಿ ಕಾಯಿಸಬೇಕು, ಕತ್ತಲಲ್ಲೇ ಅತಿಥಿಯನ್ನು ಅಟ್ಟಣೆಗೆ ಕರೆದೊಯ್ಯಬೇಕು, ಯಾವ ಜಿಂಕೆಗೆ ಹೊಡೆಯಬೇಕು, ಯಾವುದಕ್ಕೆ ಬೇಡ ಎಂದು ಕಿವಿಯಲ್ಲಿ ಹೇಳಬೇಕು. ಗುಂಡು ತಾಗಿಯೂ ಸಾಯದೆ ಓಡಿದ ಪ್ರಾಣಿಯನ್ನು ರಕ್ತದ ಜಾಡು ಹಿಡಿದು ಹುಡುಕುವವನೂ ಗೈಡೇ. ಮಕ್ಕಳು ಆಡುವ ಅಂಗಳದ ಆಸುಪಾಸಿನಲ್ಲಿ ಅಪರಿಚಿತರು ರೈಫಲ್ ಹಿಡಿದು ಓಡಾಡುತ್ತಾರೆ ಎಂಬುದನ್ನು ಮನೆಯ ತಾಯಿ ಎಲ್ಲಕ್ಕಿಂತ ಮೊದಲು ಯೋಚಿಸುತ್ತಾಳೆ. ವಿಮೆ ಆಮೇಲಿನ ಮಾತು.

ಹಣದಾಸೆಗೆ ಬೇಟೆಯನ್ನು ಸಮರ್ಥಿಸುತ್ತಾರೆ ಎಂದು ತಳ್ಳಿಹಾಕುವಂತಿಲ್ಲ. ಈ ಗುಡ್ಡಗಳಲ್ಲಿ ತೋಳ ಅಳಿದು ಬಹುಕಾಲವಾಯಿತು. ಜಿಂಕೆಯ ಸಂಖ್ಯೆಯನ್ನು ಹಿಡಿದಿಟ್ಟಿದ್ದ ಇನ್ನೊಂದು ಶಕ್ತಿ ಒಂದು ನೊಣ. ಸ್ಕ್ರೂವರ್ಮ್ ಎಂಬ ಈ ನೊಣ ಪ್ರಾಣಿಗಳ ಹಸಿ ಗಾಯದಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳುಗಳು ಜೀವಂತ ಮಾಂಸವನ್ನು ತಿನ್ನುತ್ತವೆ. ಆಗತಾನೆ ಹುಟ್ಟಿದ ಜಿಂಕೆಮರಿಯ ಹೊಕ್ಕುಳೇ ಅದಕ್ಕೆ ಸಾಕಾದ ಗಾಯ. ಹೆಣ್ಣು ನೊಣ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಕೂಡುತ್ತದೆ ಎಂಬ ಒಂದೇ ಸಂಗತಿಯನ್ನು ಹಿಡಿದು ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಷ್‌ಲ್ಯಾಂಡ್ ಎಂಬ ವಿಜ್ಞಾನಿಗಳು ಉಪಾಯ ಹೂಡಿದರು. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ಕೋಟಿಗಟ್ಟಲೆ ಸಾಕಿ ಹಾರಿಬಿಟ್ಟರೆ, ಅವುಗಳೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. 1962ರಲ್ಲಿ ಟೆಕ್ಸಸ್‌ನ ಮಿಷನ್ ಎಂಬಲ್ಲಿ ಇಂಥ ನೊಣಗಳ ಕಾರ್ಖಾನೆಯೇ ಆರಂಭವಾಯಿತು. ದನ ಉಳಿದವು. ಜಿಂಕೆಮರಿಗಳೂ ಉಳಿದವು. (ಪಿಡುಗು 1982ರ ಬಳಿಕ ದೂರವಾಗಿದ್ದರೂ, 2024ರ ನವೆಂಬರಿನಲ್ಲಿ ಮೆಕ್ಸಿಕೋದ ದಕ್ಷಿಣದಲ್ಲಿ ಮತ್ತೆ ಕಾಣಿಸಿಕೊಂಡಾಗ ಟೆಕ್ಸಸ್‌ನ ದನಗಾರರ ನಿದ್ದೆ ಕೆಟ್ಟಿತು.)

ಉಳಿದ ಮರಿಗಳಿಗೆಲ್ಲ ಮೇವು ಎಲ್ಲಿ? ಬಿಳಿಬಾಲದ ಜಿಂಕೆ ಹುಲ್ಲು ಕಂಡಲ್ಲೆಲ್ಲ ಬದುಕುವ ಪ್ರಾಣಿಯಲ್ಲ. ಅದರ ಜಠರಕ್ಕೆ ಎಳೆಯ ಚಿಗುರು, ಮೆತ್ತನೆಯ ಕಳೆಗಿಡ, ಓಕ್ ಕಾಯಿ ಬೇಕು. ಬಲಿತ ಹುಲ್ಲು ಅದಕ್ಕೆ ಜೀರ್ಣವಾಗದು. ಜಿಂಕೆ ಹೆಚ್ಚಾದ ಜಮೀನಿನಲ್ಲಿ ಮರಗಳ ಕೆಳಗಿನ ಎಲೆಗಳೆಲ್ಲ ಒಂದೇ ಎತ್ತರಕ್ಕೆ, ಕತ್ತರಿಯಲ್ಲಿ ಕತ್ತರಿಸಿದಂತೆ ಮಾಯವಾಗಿರುತ್ತವೆ. ಆ ಗೆರೆ ಕಂಡರೆ ಹಸಿವು ಬಾಗಿಲಿಗೆ ಬಂದಿದೆ ಎಂದರ್ಥ. ಓಕ್ ಸಸಿಯೊಂದು ಮೊಳಕೆಯೊಡೆದರೂ ಮರವಾಗುವ ಮಾತಿಲ್ಲ.

ಆ ಐನೂರು ಎಕರೆಯಲ್ಲಿ ನೂರು ಜಿಂಕೆ, ಅದರಲ್ಲಿ ಅರವತ್ತು ಹೆಣ್ಣು ಎಂದು ಲೆಕ್ಕಕ್ಕೆ ತೆಗೆದುಕೊಂಡರೆ ಮಕ್ಕಳೂ ಈ ಗಣಿತ ಮಾಡಬಹುದು. ಮೇವು ಚೆನ್ನಾಗಿದ್ದ ವರ್ಷ ಅವಳಿ ಮರಿಗಳು ಸಾಮಾನ್ಯ. ಹಾಗಿರಲಿ, ಎರಡು ಹೆಣ್ಣಿಗೆ ಒಂದೇ ಮರಿ ಬದುಕಿದರೂ ವರ್ಷಕ್ಕೆ ಮೂವತ್ತು ಹೊಸ ಜಿಂಕೆ. ಸಂಖ್ಯೆ ನೂರಕ್ಕೇ ನಿಲ್ಲಬೇಕಾದರೆ ಮೂವತ್ತು ಪ್ರಾಣಿಗಳು ಪ್ರತಿ ವರ್ಷ ಒಂದಲ್ಲ ಒಂದು ರೀತಿಯಲ್ಲಿ ಹೋಗಲೇಬೇಕು. ಕೆಲವು ಮುಪ್ಪಿನಿಂದ, ಕೆಲವು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ, ಬರಗಾಲದಲ್ಲಿ ಹಲವು ಹಸಿವಿನಿಂದ. ಉಳಿದದ್ದು ಗುಂಡಿಗೆ.

ಗೈಡ್ ಬೇಟೆಯ ನಿಜವಾದ ತೊಡಕು ಇಲ್ಲೇ ಇದೆ. ಡ್ಯಾಲಸ್‌ನಿಂದಲೋ ಹ್ಯೂಸ್ಟನ್‌ನಿಂದಲೋ ದುಡ್ಡು ಹಿಡಿದು ಬರುವ ಅತಿಥಿಗೆ ಬೇಕಾದದ್ದು ಗೋಡೆಗೆ ತೂಗುಹಾಕುವ ಕವಲುಗೊಂಬು. ಅಂಥ ಐದಾರು ವರ್ಷದ ಗಂಡು ನಾಲ್ಕೋ ಐದೋ ಸಿಕ್ಕಾವು. ಕಾಡಿಗೆ ಬೇಕಾದದ್ದು ಹೆಣ್ಣು ಜಿಂಕೆ ಕಡಿಮೆಯಾಗುವುದು, ಅದಕ್ಕೆ ಬೆಲೆಯೇ ಇಲ್ಲ. ಐದು ಗಂಡು ಮಾರಿ ಕೈ ತುಂಬಿಸಿಕೊಂಡು, ಇಪ್ಪತ್ತು ಹೆಣ್ಣುಗಳನ್ನು ಹಾಗೇ ಬಿಟ್ಟವನ ಜಮೀನು ಹತ್ತು ವರ್ಷದಲ್ಲಿ ಬೋಳಾಗುತ್ತದೆ. ಮೇವು ಕುಂದಿದರೆ ಕೊಂಬೂ ಸಣ್ಣದಾಗುತ್ತದೆ. ಅದು ವರ್ಷವರ್ಷ ಉದುರಿ ಹೊಸದಾಗಿ ಬೆಳೆಯುವ ಮೂಳೆ ತಾನೆ? ಹೀಗೆ ವ್ಯಾಪಾರವೂ ಮುಗಿಯುತ್ತದೆ. ಕೊಂಬಿನ ಆಸೆಗೆ ಬಿದ್ದು ಎಂಟು ಅಡಿ ಎತ್ತರದ ಬೇಲಿ ಹಾಕಿ, ಸಾಕಿದ ಜಿಂಕೆಗಳನ್ನು ತಂದು ಬಿಟ್ಟವರೂ ಉಂಟು. 2015ರಲ್ಲಿ ಮೆಡಿನಾ ಕೌಂಟಿಯ ಇಂಥದೊಂದು ಜಿಂಕೆ ಸಾಕಣೆ ಕೇಂದ್ರದಲ್ಲಿ ಮೆದುಳನ್ನು ತೂತುತೂತಾಗಿಸುವ ಸಿ.ಡಬ್ಲ್ಯು.ಡಿ. ರೋಗ ಪತ್ತೆಯಾಯಿತು. ಅದಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ ವಿಕಾರಗೊಂಡ ಪ್ರೋಟೀನು. ಔಷಧವಿಲ್ಲ.

ಇನ್ನೊಂದು ಆಮಿಷ ಭಾರತದಿಂದಲೇ ಹೋದದ್ದು. ಬಂಡೀಪುರ, ನಾಗರಹೊಳೆಗಳಲ್ಲಿ ಹಿಂಡುಹಿಂಡಾಗಿ ಕಾಣುವ ಚುಕ್ಕೆ ಜಿಂಕೆಯನ್ನೂ ರಾಣೆಬೆನ್ನೂರಿನ ಅಭಯಧಾಮದಲ್ಲಿ ಕಾಪಾಡಿಕೊಂಡು ಬಂದಿರುವ ಕೃಷ್ಣಮೃಗವನ್ನೂ 1932ರಲ್ಲಿ ಟೆಕ್ಸಸ್‌ಗೆ ಒಯ್ದು ಬಿಟ್ಟರು. ಚುಕ್ಕೆ ಜಿಂಕೆ ಅಲ್ಲಿ 'ಆ್ಯಕ್ಸಿಸ್' ಎನಿಸಿಕೊಂಡಿತು. ಬೇಲಿ ದಾಟಿ ಸಾವಿರಾರು ಸಂಖ್ಯೆಯಲ್ಲಿ ಹಬ್ಬಿತು. ಪರದೇಶಿ ಪ್ರಾಣಿಯಾದ್ದರಿಂದ ಅದಕ್ಕೆ ಬೇಟೆಯ ಋತುವಿಲ್ಲ, ಮಿತಿಯೂ ಇಲ್ಲ. ಜಮೀನುದಾರ ಒಪ್ಪಿದರೆ ವರ್ಷವಿಡೀ ಹೊಡೆಯಬಹುದು. ಅದರ ಕೊಂಬು ಬೇಸಗೆಯಲ್ಲಿ ಬಲಿಯುವುದರಿಂದ ಬಿಳಿಬಾಲದ ಋತುವಿಲ್ಲದ ತಿಂಗಳುಗಳಲ್ಲೂ ಗೈಡಿಗೆ ಕೆಲಸ ಸಿಗುತ್ತದೆ. ಕೂಡಿಸಿ ನೋಡಿದರೆ ಲಾಭದ ಬಾಬತ್ತು.

ಆದರೆ ಕೆರ್ ವನ್ಯಜೀವಿ ಕ್ಷೇತ್ರದಲ್ಲಿ ನಡೆದ ಒಂದು ಪ್ರಯೋಗ ಎಚ್ಚರಿಸುತ್ತದೆ. 1971ರಲ್ಲಿ 96 ಎಕರೆಯ ಬೇಲಿಯೊಳಗೆ ಆರು ಬಿಳಿಬಾಲದ ಜಿಂಕೆಗಳನ್ನೂ ಜಪಾನ್ ಕಡೆಯ ಆರು ಸಿಕಾ ಜಿಂಕೆಗಳನ್ನೂ ಬಿಟ್ಟು ನೋಡುತ್ತ ಕುಳಿತರು. 1979ರ ಹೊತ್ತಿಗೆ ಸಿಕಾ 62 ಆಗಿದ್ದವು. ಬಿಳಿಬಾಲದ್ದು ಒಂದೂ ಉಳಿದಿರಲಿಲ್ಲ. ಚಿಗುರು ಮುಗಿದಾಗ ಸಿಕಾ ಹುಲ್ಲಿಗೆ ತಿರುಗಬಲ್ಲದು. ಚುಕ್ಕೆ ಜಿಂಕೆಯೂ ಹಾಗೆಯೇ. ಸ್ಥಳೀಯ ಜಿಂಕೆಗೆ ಆ ವಿದ್ಯೆ ತಿಳಿಯದು. ಚುಕ್ಕೆ ಜಿಂಕೆಗೆ ತಿಳಿಯದ ಒಂದು ವಿದ್ಯೆಯೆಂದರೆ ಚಳಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಅವು ಗುಂಪುಗುಂಪಾಗಿ ಸತ್ತವು. ಹಣಕ್ಕಾಗಿ ಅವುಗಳನ್ನು ಜಮೀನಿನಲ್ಲಿ ಹೆಚ್ಚಿಸಿಕೊಳ್ಳುವುದಕ್ಕಿಂತ, ಬಂದವನ್ನು ಮೊದಲು ಕಡಿಮೆ ಮಾಡುವುದೇ ವಿವೇಕ.

ಇಷ್ಟೆಲ್ಲ ತೂಗಿದ ಮೇಲೂ ಆ ಐನೂರು ಎಕರೆಯ ಕುಟುಂಬ ಗೈಡ್ ಬೇಟೆಗೆ ಇಳಿಯಬಾರದೆಂದೇನಿಲ್ಲ. ಎತ್ತರದ ಬೇಲಿ ಬೇಡ, ಗಂಡು ಬೇಕೆಂದವನು ಎರಡು ಹೆಣ್ಣನ್ನೂ ಹೊಡೆಯಲೇಬೇಕು ಎಂಬ ಕರಾರು, ಮನೆಯ ದಿಕ್ಕಿಗೆ ಗುಂಡು ಹಾರದಂತೆ ಬೆನ್ನಿಗೆ ಗುಡ್ಡವಿರುವಲ್ಲೇ ಅಟ್ಟಣೆ: ಈ ಮೂರಕ್ಕೆ ಒಪ್ಪುವ ಅತಿಥಿಗಳು ಸಿಕ್ಕರೆ ಜಮೀನು ಒಂದಾಗಿಯೇ ಉಳಿದೀತು. ಒಪ್ಪದಿದ್ದರೆ ಗುತ್ತಿಗೆಯೇ ವಾಸಿ. 1995ರ ಸಂವಿಧಾನ ತಿದ್ದುಪಡಿಯ ನಂತರ ವನ್ಯಜೀವಿ ನಿರ್ವಹಣೆಗೂ ಕೃಷಿಭೂಮಿಯಷ್ಟೇ ಕಡಿಮೆ ತೆರಿಗೆ ಇರುವುದು ಒಂದು ಆಸರೆ. ಹೆಚ್ಚಾದ ಮಾಂಸವನ್ನು ಬಡವರ ಊಟಕ್ಕೆ ಕೊಡುವ ವ್ಯವಸ್ಥೆಯೂ ಅಲ್ಲಿದೆ. ಋತುವಿಗೆ ಮುಂಚಿನ ಒಂದು ವಾರಾಂತ್ಯವನ್ನು ಹದಿನಾರು ವರ್ಷದವರೆಗಿನ ಮಕ್ಕಳಿಗೇ ಮೀಸಲಿಟ್ಟಿದ್ದಾರೆ. ಮಗಳ ಕೈಗೆ ರೈಫಲ್ ಕೊಟ್ಟು ಹೆಣ್ಣು ಜಿಂಕೆಯ ಕಡೆ ಬೆರಳು ತೋರುವ ತಂದೆಯನ್ನು ಕಂಡರೆ ಮೈಸೂರಿನ ತಂದೆಗೆ ಎದೆ ಝಲ್ಲೆಂದೀತು. ಅಲ್ಲಿಯ ತಂದೆಗೆ ಅದು ಗದ್ದೆಯ ಕಳೆ ತೆಗೆಯಲು ಕಲಿಸಿದಂತೆ.

ಈ ತೀರ್ಮಾನಕ್ಕೆ ಮೊದಲು ಅಲ್ಲಿ ಒಂದು ಎಣಿಕೆ ನಡೆಯುತ್ತದೆ, ಆಗಸ್ಟ್ ತಿಂಗಳ ಸೆಕೆಯ ರಾತ್ರಿಗಳಲ್ಲಿ. ತಂದೆ ಪಿಕಪ್ ಗಾಡಿಯನ್ನು ಗೊತ್ತಾದ ದಾರಿಯಲ್ಲೇ ನಿಧಾನವಾಗಿ ಓಡಿಸುತ್ತಾನೆ. ಹಿಂದೆ ನಿಂತ ಮಕ್ಕಳು ಇಬ್ಬದಿಗೂ ದೊಡ್ಡ ಟಾರ್ಚ್ ಬಿಡುತ್ತಾರೆ. ಜಿಂಕೆಯ ಕಣ್ಣಿನ ಹಿಂಪದರ ಬೆಳಕನ್ನು ಹಿಂದಿರುಗಿಸುವುದರಿಂದ ಕತ್ತಲಲ್ಲಿ ಜೋಡಿ ದೀಪಗಳು ಹೊತ್ತಿದಂತೆ ಕಾಣುತ್ತದೆ. ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು, ಚುಕ್ಕೆಯದೆಷ್ಟು ಎಂದು ತಾಯಿ ಪುಸ್ತಕದಲ್ಲಿ ಗೀಟು ಹಾಕುತ್ತಾಳೆ. ಒಂದು ರಾತ್ರಿಯ ಎಣಿಕೆಯನ್ನು ನಂಬುವಂತಿಲ್ಲ. ಮೂರು ನಾಲ್ಕು ರಾತ್ರಿ ಎಣಿಸಿ ಸರಾಸರಿ ತೆಗೆಯಬೇಕು. ಅತಿಥಿಗಳಿಗೆ ಗೇಟು ತೆರೆಯಬೇಕೋ ಬೇಡವೋ ಎಂಬ ಮಾತು ಎತ್ತುವುದು ಆ ಪುಸ್ತಕ ಅಡುಗೆಮನೆಯ ಮೇಜಿಗೆ ಬಂದ ಮೇಲೆ.